ಅಜ್ಜನವರು ಮಾಡಿಸದ ಆಣೆ

ಕಲ್ಲಗುಂಡಿ ಮಠದ ನಿರಂಜನ ಅಜ್ಜನವರು ಆ ಮುಂಜಾನೆ ದಾಸೋಹದ ಕಟ್ಟೆಯ ಮೇಲೆ ಕುಳಿತು ಬೇಳೆಯಲ್ಲಿ ಹರಳು ಆರಿಸುತ್ತಿದ್ದರು. ಶಿವಗಂಗವ್ವ ಗಂಡನ ತೋಳು ಹಿಡಿದು ದರದರ ಎಳೆದುಕೊಂಡೇ ಬಂದಳು.

ಗಂಡ ಸೋಮಲಿಂಗ ಒಳ್ಳೆಯ ನೇಕಾರ, ಆದರೆ ಕುಡುಕ. ಕುಡುಕರಿಗೆ ಗುಡಿಯ ಭಂಡಾರದ ಅರಿಶಿನಪುಡಿ ಮುಟ್ಟಿಸಿ ಆಣೆ ಮಾಡಿಸುವುದು ಆ ಊರಿನ ವಾಡಿಕೆ. ಅವನು ಎರಡು ಸಲ ಮುಟ್ಟಿ, ಎರಡು ಸಲವೂ ಕುಡಿತವನ್ನು ಒಮ್ಮೆಲೇ ನಿಲ್ಲಿಸಿದ್ದ. ಮೈಯೆಲ್ಲ ನಡುಗಿತ್ತು, ಗೋಡೆಯ ಮೇಲೆ ಇಲ್ಲದ ಇರುವೆಗಳು ಕಂಡಿದ್ದವು. ಎರಡನೆಯ ಸಲವಂತೂ ಮಗ್ಗದ ಮೇಲೇ ಫಿಟ್ಸ್ ಬಂದು ಬಿದ್ದಿದ್ದ. ದೇವರು ಮುನಿದನೆಂದಿತು ಓಣಿ. ಹೆದರಿದವನು ಮತ್ತೆ ಕುಡಿದ.

"ಅಜ್ಜಾರ, ಗುಡಿ ಆಣಿ ಇವ್ರಿಗೆ ತಾಗವಲ್ದು. ನಿಮ್ಮ ಪಾದ ಮುಟ್ಟಿಸಿ ಗಟ್ಟಿ ಆಣಿ ಮಾಡಿಸ್ರಿ. ಇಲ್ಲಾಂದ್ರ ಇಲ್ಲೇ ಬಿಟ್ಟು ಹೋಗ್ತೀನಿ, ಬ್ಯಾಳಿ ಜೋಡಿ ಇವ್ರನ್ನೂ ಆರಿಸ್ಕೊಳ್ರಿ!"

ಅಜ್ಜನವರು ನಕ್ಕರು. ಸೋಮಲಿಂಗನ ನಡುಗುವ ಕೈಗಳನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು. "ಕುಡೀಲಿಲ್ಲಂದ್ರ ಹಿಂಗ ನಡಗ್ತಾವೇನಪಾ?"

"ಹೌದ್ರಿ ಅಜ್ಜಾರ. ನಡಗೋದು ನಿಲ್ಲಲಿ ಅಂತನ ಕುಡೀತೀನಿ."

ಹನ್ನೆರಡು ವರ್ಷ ಸಂಸಾರ ಮಾಡಿದ ಶಿವಗಂಗವ್ವ ಈ ಮಾತು ಕೇಳಿದ್ದು ಅದೇ ಮೊದಲು. ಬೈಯುವುದರಲ್ಲಿ ಕೇಳುವುದು ಉಳಿದೇ ಹೋಗಿತ್ತು.

ಅಜ್ಜನವರು ಚೀಲದಿಂದ ಗುಳಿಗೆ ತೆಗೆದು ತೋರಿಸಿದರು. "ಇದು ನನ್ನ ಸಕ್ಕರಿ ಕಾಯಿಲೆದವ್ವಾ. ಆಣಿ ಮಾಡಿದ್ರ ಸಕ್ಕರಿ ಇಳಿತದೇನು? ಇವಂದೂ ಜಡ್ಡು. ಒಮ್ಮಿಗೇ ಬಿಡಿಸಿದ್ರ ಜೀವಾನೇ ಹೋದೀತು. ನಡೀರಿ ಡಾಕ್ಟರ್ ಹತ್ರ."

"ಬಸ್ಸಿನ್ಯಾಗ ಮಂದಿ ನೋಡ್ತಾರ್ರಿ..." ಸೋಮಲಿಂಗ ಅಳುಕಿದ.

"ನೋಡ್ಲಿ. ನಾ ನಡುವ ಕುಂಡರ್ತೀನಿ."

ಹಾಗೆಯೇ ಕುಳಿತರು. ಆಸ್ಪತ್ರೆಯ ಸಾಲಿನಲ್ಲಿ ತಾವೇ ನಿಂತು ಚೀಟಿ ಮಾಡಿಸಿದರು. ಡಾಕ್ಟರರ ಕಣ್ಗಾವಲಿನಲ್ಲಿ, ಔಷಧಿಯಿಂದ, ವಾರದೊಳಗೆ ನಡುಕ ತಗ್ಗಿತು. ಆಮೇಲೆ ಪ್ರತಿ ಗುರುವಾರ ಕುಡಿತ ಬಿಟ್ಟವರ ಕೂಟ.

ನಾಲ್ಕನೆಯ ತಿಂಗಳು ಸೋಮಲಿಂಗ ಮತ್ತೆ ಕುಡಿದ. ಶಿವಗಂಗವ್ವ ಅಳುತ್ತ ಮಠಕ್ಕೆ ಬಂದಳು.

"ಹಬ್ಬದಾಗ ಹೋಳಿಗಿ ತಿಂದು ನನ್ನ ಸಕ್ಕರಿನೂ ಏರಿತ್ತವ್ವಾ," ಎಂದ ಅಜ್ಜನವರು ಚಪ್ಪಲಿ ಮೆಟ್ಟಿದರು. "ಬಸ್ ಎಷ್ಟೊತ್ತಿಗದ?"

ಸೋಮಲಿಂಗನ ಮಗ್ಗ ಈಗ ನಿಂತಿಲ್ಲ. ಗುರುವಾರ ಮಾತ್ರ ರಜೆ. ಇಂದಿಗೂ ಯಾರಾದರೂ ಗಂಡನನ್ನು ಆಣೆಗೆಂದು ಎಳೆದು ತಂದರೆ, ದಾಸೋಹದ ಕಟ್ಟೆಯಿಂದ ಮೊರ ಕೆಳಗಿಟ್ಟು ಏಳುವವಳು ಶಿವಗಂಗವ್ವ.

"ಕೈ ಬಿಡವಾ ಮೊದ್ಲ, ಉಳುಕೀತು. ಇಲ್ಲಿ ಆಣಿ ಗೀಣಿ ಇಲ್ಲ, ಬಸ್ ಅದ. ಮಂದಿ ನೋಡ್ತಾರಂತೇನು? ನಾ ನಡುವ ಕುಂಡರ್ತೀನಿ, ನಡಿ."