ಗೋರಿಗಳಿಗೆ ಹೇಳಬೇಕಾದ ಮಾತು

ಆಫ್ರಿಕಾದ ದೊಡ್ಡ ಸರೋವರದ ದಂಡೆಯ ಊರೊಂದರಲ್ಲಿ ಅಕೇಯೊ ಮುದುಕಿ ಒಬ್ಬಳೇ ಉಳಿದಿದ್ದಳು. ಗಂಡಸರನ್ನು ಬಿಳಿಯರು ರೈಲುಹಳಿ ಹಾಕಿಸಲು ಎಳೆದುಕೊಂಡು ಹೋಗಿದ್ದರು. ಮಿಕ್ಕವರನ್ನು ಸಿಡುಬು ಬಿಡಲಿಲ್ಲ.

ಒಂದು ಸಂಜೆ ಬಿಳಿ ದೊರೆಯೊಬ್ಬ ಕೂಲಿಗಳ ಸಮೇತ ಬಂದು ಗೋರಿಗಳಿದ್ದ ಅವಳ ಅಂಗಳದಲ್ಲಿ ಬಾವುಟ ನೆಟ್ಟ. ದುಭಾಷಿಯಿಂದ ಹೇಳಿಸಿದ: “ಮುದುಕಿ, ಇದು ಯಾರೂ ಇಲ್ಲದ ಜಾಗ. ಇವತ್ತಿನಿಂದ ನಾನೇ ಯಜಮಾನ. ನಾಳೆ ಹೊರಟುಬಿಡು.”

ಅಕೇಯೊ ಕೂಲಿಗಳ ಮುಖ ನೋಡಿದಳು. ಎಲ್ಲರೂ ಅದೇ ಸೀಮೆಯವರು. ಒಳಗೆ ಹೋಗಿ ಗಂಜಿ ಮಡಕೆ ತಂದು ದೊರೆಯ ಕೈಗಿಟ್ಟಳು.

“ಸದ್ಯ, ನನ್ನ ಭಾರ ಇಳಿಯಿತು ದೊರೆ. ದಿನಾ ಕತ್ತಲಾಗುವ ಮುಂಚೆ ಯಜಮಾನರಾದವರು ಒಂದೊಂದು ಗೋರಿಗೂ ಗಂಜಿ ಎರೆದು ಮಾತಾಡಿಸಬೇಕು. ಅದು ನನ್ನ ಗಂಡ. ಅದು ಅತ್ತೆ. ಆ ಪುಟ್ಟದು ಮೊಮ್ಮಗಳು. ನೀವು ಯಾರ ಮಗ, ಇಲ್ಲಿಗೆ ಯಾಕೆ ಬಂದಿರಿ, ಎಲ್ಲ ಹೇಳಿ. ಸುಳ್ಳು ಮಾತ್ರ ಬೇಡ, ನಮ್ಮತ್ತೆಗೆ ಮೂಗಿನ ತುದಿಯಲ್ಲೇ ಕೋಪ.”

ದೊರೆ ನಕ್ಕ. “ಮಣ್ಣಿನ ಜೊತೆ ಮಾತಾಡಲು ನನಗೇನು ಹುಚ್ಚೇ? ಗುಡಾರ ಹಾಕಿ!”

ಕೂಲಿಗಳು ಅಲ್ಲಾಡಲಿಲ್ಲ. ಗೋರಿಗಳಿಗೆ ಹೇಳದೆ ಆ ನೆಲಕ್ಕೆ ಗೂಟ ಹೊಡೆಯುವ ಧೈರ್ಯ ಅವರಲ್ಲಿ ಯಾರಿಗೂ ಇರಲಿಲ್ಲ.

ದೊರೆ ಬೈದ, ಬೂಟುಗಾಲು ಬಡಿದ. ಕೊನೆಗೆ ಮಡಕೆ ಹಿಡಿದು ಪುಟ್ಟ ಗೋರಿಯ ಮುಂದೆ ನಿಂತು ಬಾಯಿ ತೆರೆದ. ನೆಲ ಕಸಿಯಲು ಬಂದೆ ಎನ್ನುವುದು ಬಿಟ್ಟರೆ ಹೇಳಲು ಬೇರೆ ನಿಜವಿರಲಿಲ್ಲ. ಮಡಕೆ ಕೆಳಗಿಟ್ಟು ಬಾವುಟ ಕಿತ್ತುಕೊಂಡ.

ಹೊರಟವನು ತಿರುಗಿ ಕೇಳಿದ: “ಇವರು ನಿನಗೆ ಉತ್ತರ ಕೊಡುತ್ತಾರಾ?”

ಅಕೇಯೊ ಮಡಕೆ ಎತ್ತಿಕೊಂಡಳು. “ಕೊಡುವ ಹಾಗಿದ್ದರೆ ನಿಮ್ಮ ಜೊತೆ ಇಷ್ಟು ಹೊತ್ತು ಯಾಕೆ ಮಾತಾಡುತ್ತಿದ್ದೆ, ದೊರೆ?”