ಕದಲದ ಬಸ್ಸು

ಕೇಳುವವರು ನಗುತ್ತೀರಿ, ನಗಿರಿ. ಬಾಳವ್ವನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅವಳಿಗಿದ್ದವನು ಒಬ್ಬನೇ ಮಗ, ದುಂಡಪ್ಪ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವುದೇ ಅವನ ರೋಗ. ಬಾಳವ್ವನ ಎರಡೂ ಕಣ್ಣಿಗೆ ಪೊರೆ ಬಂದು ಲೋಕವೆಲ್ಲ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿತ್ತು. ತಾಲೂಕಿನ ದವಾಖಾನೆಗೆ ಪೊರೆ ತೆಗೆಯುವ ಡಾಕ್ಟರು ಬಂದಿದ್ದರು. ಮೂರೇ ದಿನ, ಅದೂ ಮಧ್ಯಾಹ್ನದವರೆಗೆ. ತಪ್ಪಿದರೆ ಮತ್ತೆ ಮುಂದಿನ ವರ್ಷ. ಊರಿಗಿದ್ದದ್ದು ಬೆಳಿಗ್ಗೆ ಒಂದೇ ಬಸ್ಸು, ಕೈ ಮಾಡಿದರೆ ಮಾತ್ರ ನಿಲ್ಲುವಂಥದ್ದು. ದುಂಡಪ್ಪ ನೋಡಿ ಹೇಳಬೇಕು, ಬಾಳವ್ವ ಕೈ ಮಾಡಬೇಕು. ಇನ್ನೇನು ಹೇಳಲಿ!

ಮೊದಲ ದಿನ ಹೊಸಿಲು ದಾಟುತ್ತಲೇ ದುಂಡಪ್ಪ ಮನೆಗೆ ಮುಖ ಮಾಡಿ, "ನಾ ಹೊಂಟೆ!" ಎಂದ.

"ಥೂ, ಹೊಂಟೆ ಅನಬಾರದೋ! ಬರ್ತೀನಿ ಅನಬೇಕು. ಹೊಂಟದ್ದಕ್ಕೆಲ್ಲ ಬರ್ತೈತಿ ಅಂತ ಅನ್ನೂದು ರೂಢಿ."

"ಆತು ಯವ್ವಾ."

ಹೋಗಿ ರಸ್ತೆಯ ಬದಿ ಬೇವಿನ ಕಟ್ಟೆಯ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಬಸ್ಸಿನ ಸದ್ದು ಕೇಳಿತು.

"ಬರಾಕತ್ತೈತೇನೋ?"

"ಬರಾಕತ್ತೈತಿ ಯವ್ವಾ!"

ಬಾಳವ್ವ ಎದ್ದು ಕೈ ಮಾಡಿದಳು. ಮಾಡೇ ಮಾಡಿದಳು. ಸದ್ದು ಸಣ್ಣದಾಯಿತು.

"ದೂರಾತಲ್ಲೋ!"

"ಹೌದು ಯವ್ವಾ, ದೂರ ದೂರ ಬರಾಕತ್ತೈತಿ!"

ಅಷ್ಟು ಹೊತ್ತೂ ಆಕೆ ಕೈ ಮಾಡಿದ್ದು, ಆಗಲೇ ಕಟ್ಟೆ ದಾಟಿದ್ದ ಬಸ್ಸಿನ ಬೆನ್ನಿಗೆ.

"ಹೊಂಟೈತಿ ಅಂತ ಹೇಳಬಾರದೇನೋ ಮೂಳಾ!"

"ಅನಬಾರದು ಅಂದಿದ್ಯಲ್ಲ!"

"ಹೋಗೂದು ಬರೂದು ಬ್ಯಾಡ ನಿನಗ! ಎಷ್ಟು ದೂರೈತಿ, ಅಷ್ಟ ಹೇಳು. ಒಂದು ಗುರುತು ಹಿಡಕೊಂಡು, ಅದರಿಂದ ಇಷ್ಟು ಮಾರು ಅಂತ ಹೇಳು."

"ಆತು ಯವ್ವಾ."

ಎರಡನೆಯ ದಿನ ಮತ್ತೆ ಅದೇ ಕಟ್ಟೆ. ಕಬ್ಬು ಹೇರಿದ ಟ್ರ್ಯಾಕ್ಟರೊಂದು ಗಡಗಡ ಬರುತ್ತಿತ್ತು. ಅದರ ಬೆನ್ನಿಗೇ ಬಸ್ಸು, ದಾಟಲು ಜಾಗವಿಲ್ಲದೆ.

"ಬಸ್ಸು ಕಂಡೈತಿ ಯವ್ವಾ!"

"ಎಷ್ಟು ದೂರೈತೋ?"

"ಟ್ರ್ಯಾಕ್ಟರಿನಿಂದ ನಾಲ್ಕು ಮಾರು."

"ಈಗ?"

"ನಾಲ್ಕು ಮಾರು."

"ಈಗರೆ?"

"ನಾಲ್ಕ ಐತಿ!"

"ಅಯ್ಯ, ಕೆಟ್ಟು ನಿಂತೈತಿ ಬಿಡು," ಎಂದು ಬಾಳವ್ವ ರೊಟ್ಟಿಯ ಗಂಟು ಬಿಚ್ಚಿದಳು. ಟ್ರ್ಯಾಕ್ಟರು ಗಡಗಡ ದಾಟಿತು. ನಾಲ್ಕು ಮಾರು ಹಿಂದೆ ಬಸ್ಸೂ ದಾಟಿತು. ರೊಟ್ಟಿಯ ಮೇಲೆ ಧೂಳು ಬಿತ್ತು.

ಬಾಳವ್ವ ರೊಟ್ಟಿಯ ಧೂಳು ಕೊಡವುತ್ತ ಹೇಳಿದಳು: "ಟ್ರ್ಯಾಕ್ಟರ್ ತಾನ ಓಡತೈತೆಲ್ಲೋ ನನ್ನಪ್ಪಾ. ಓಡೂದನ್ನ ಹಿಡಕೊಂಡು ಅಳೀತಾರೇನು? ಅಲುಗಾಡದ್ದನ್ನ ಹಿಡೀಬೇಕು. ನೀ ಕಲ್ಲಿನಂಗ ಕುಂಡ್ರು, ನಿನ್ನಿಂದ ಅಳಿ. ನಿನ್ನ ಮಾರಿ ನೋಡದ ಒಂದು ವರ್ಷಾತು. ನಾಳಿ ಒಂದು ದಿನ ನೆಟ್ಟಗ ಹೇಳೋ."

"ಆತು ಯವ್ವಾ."

ಮೂರನೆಯ ದಿನ ದುಂಡಪ್ಪ ಕಲ್ಲಿನ ಹಾಗೆ ಕೂತ. ರೆಪ್ಪೆ ಕೂಡ ಬಡಿಯಲಿಲ್ಲ. "ನನ್ನಿಂದ ನೂರು ಮಾರು! ಐವತ್ತು! ಇಪ್ಪತ್ತು!" ಬಾಳವ್ವ ಕೈ ಮಾಡಿದಳು, ಬಸ್ಸು ನಿಂತಿತು, ಹತ್ತಿದರು. ಆಕೆಗೆ ಅಳುವೇ ಬಂತು. ಮಗನ ಕೆನ್ನೆ ಸವರಿ, "ಶಾಣ್ಯಾ ಆದೆಲ್ಲೋ!" ಎಂದಳು. ಮೂರು ದಿನದಿಂದ ನಿದ್ದೆ ಕಾಣದ ಜೀವ. "ಜರಾ ಕಣ್ಣು ಮುಚ್ಚತೀನಿ. ಬಸ್ಸು ದವಾಖಾನಿಗೆ ಹೋತಂದ್ರ ಎಬ್ಬಿಸು."

"ಆತು ಯವ್ವಾ."

ದುಂಡಪ್ಪ ಮತ್ತೆ ಕಲ್ಲಾದ, ತನ್ನಿಂದ ಅಳೆದ. ಡ್ರೈವರು ಮೂರು ಮಾರು. ಬಾಗಿಲು ಎರಡು ಮಾರು. ಸ್ವಲ್ಪ ಹೊತ್ತು ಬಿಟ್ಟು ಅಳೆದ. ಮೂರೇ, ಎರಡೇ. ಬಸ್ಸು ಒಂದು ಗೇಣೂ ಕದಲಿಲ್ಲ! ಹೊರಗೆ ಗಿಡಗಳು ಓಡುತ್ತಿದ್ದವು, ಹೊಲಗಳು ಓಡುತ್ತಿದ್ದವು. ಅವುಗಳ ಉಸಾಬರಿ ತನಗೇಕೆ? "ದವಾಖಾನಿ ಯಾರ್ರೀ, ಇಳೀರಿ!" ಎಂದು ಕಂಡಕ್ಟರು ಕೂಗಿದ. ದವಾಖಾನೆ ಕಿಟಕಿಯ ಹತ್ತಿರ ಬಂತು, ಒಂದು ಗಳಿಗೆ ನಿಂತಿತು, ಹಿಂದಕ್ಕೆ ಓಡಿತು. ಬಸ್ಸು ಹೋದರೆ ತಾನೇ ಎಬ್ಬಿಸುವುದು? ತಾಯಿಯ ತಲೆಗೆ ಹೆಗಲು ಕೊಟ್ಟು ಅಲುಗದೆ ಕೂತ.

ಬಸ್ಸು ಕೊನೆಯ ಊರು ಮುಟ್ಟಿ ತಿರುಗಿ ಬಂತು. "ಅವ್ವಾರ, ನಿಮ್ಮೂರು ಬಂತು," ಎಂದು ಕಂಡಕ್ಟರು ಎಬ್ಬಿಸಿದಾಗ ಹೊತ್ತು ಇಳಿದಿತ್ತು. ನಿದ್ದೆಗಣ್ಣಿನ ಬಾಳವ್ವನಿಗೆ ಅದು ಕೇಳಿಸಲಿಲ್ಲ. ಮಗನ ಕೈ ಹಿಡಿದು ಇಳಿದಳು, ಕಾಲಿನಿಂದ ತಡವಿದಳು. ಬೇವಿನ ಬೀಜ ಪಾದಕ್ಕೆ ಚುಚ್ಚಿತು.

"ದವಾಖಾನ್ಯಾಗೂ ಬೇವಿನ ಮರ ಐತೇನೋ?"

"ಇಲ್ಲ ಯವ್ವಾ, ಇದು ನಮ್ಮ ಕಟ್ಟಿ. ನಾವು ಕದಲೇ ಇಲ್ಲ. ದವಾಖಾನಿನ ಬಂದಿತ್ತು. ನಿಂತು ನೋಡಿ, ಹಂಗ ಓಡಿತು."

ಬಾಳವ್ವ ಕಟ್ಟೆಯ ಮೇಲೆ ಕುಸಿದು ಕೂತಳು. ಬೈಗುಳ ತೀರಿತ್ತು, ಬುದ್ಧಿವಾದವೂ ತೀರಿತ್ತು. ಕೈ ಚಾಚಿ, "ದಣಿದೀನೋ ಮಗನ. ಮನಿ ಮುಟ್ಟಿಸು," ಎಂದಳು.

ದುಂಡಪ್ಪನಿಗೆ ತಾಯಿಯ ಮೇಲೆ ಅಕ್ಕರೆ ಉಕ್ಕಿತು. ಅವಳ ಪಕ್ಕದಲ್ಲೇ ಕಲ್ಲಿನ ಹಾಗೆ ಕೂತು ಹೇಳಿದ:

"ದಣಿದಾಕಿ ಯಾಕ ನಡೀತಿ ಯವ್ವಾ? ಕುಂಡ್ರು. ಅಷ್ಟು ದೊಡ್ಡ ದವಾಖಾನಿನ ಬಂದಿತ್ತು, ನಮ್ಮ ಗುಡಿಸಲು ಬರೂದಿಲ್ಲೇನು? ಹತ್ತು ಮಾರು ಇದ್ದಾಗ ಹೇಳ್ತೀನಿ, ನೀ ಕೈ ಮಾಡು."