ಕಂಬಳಿಯ ಆಚೆ

ನದಿ ದಡದ ಆಶ್ರಮದಲ್ಲಿ ಅಡವಯ್ಯನವರು ಜನರಿಗೆ ಮದ್ದು ಕೊಡುತ್ತಿದ್ದರು. ಅವರ ಶಿಷ್ಯ ಶಂಭುಲಿಂಗ ರೋಗಿಯ ಮೈ ಮುಟ್ಟಿ ನೋಡುವುದನ್ನು ಕಲಿಯುತ್ತಿದ್ದ.

ಅಲ್ಲೊಂದು ವಿಚಿತ್ರ ಪದ್ಧತಿ. ಕೋಣೆಯ ನಡುವೆ ಕರಿ ಕಂಬಳಿಯ ಪರದೆ. ಆಚೆ ರೋಗಿ ಮಲಗಬೇಕು. ಈಚೆ ಕುಳಿತ ಶಿಷ್ಯ ಕಂಬಳಿಯ ಸೀಳಿನಲ್ಲಿ ಕೈ ತೂರಿಸಿ, ಮುಖ ನೋಡದೆ ರೋಗ ಹೇಳಬೇಕು.

ಒಂದು ಬೆಳಿಗ್ಗೆ ಶಂಭು ಅಜ್ಜಿಯೊಬ್ಬಳ ಕಂಕುಳಿನ ಗಂಟನ್ನು ಮುಟ್ಟಿದ. ಹಾಗೇ ತೋಳಿನುದ್ದ ಕೈ ಇಳಿಸಿ, ಬೆರಳಲ್ಲಿ ಮುರಿದು ಕೀವು ಕಟ್ಟಿಸಿದ್ದ ಮುಳ್ಳನ್ನು ಪತ್ತೆ ಮಾಡಿದ. ಆಮೇಲೆ ಅವನನ್ನು ಹಿಡಿಯುವವರೇ ಇಲ್ಲ.

“ಗುರುಗಳೇ, ಗಂಟು ಇದ್ದರೆ ಹತ್ತಿರದಲ್ಲೇ ಗಾಯ ಇರುತ್ತೆ. ಅಷ್ಟು ಗೊತ್ತಾಯ್ತಲ್ಲ, ಇನ್ನು ಈ ಕಂಬಳಿ ಯಾಕೆ?”

“ಸಂಜೆ ಒಬ್ಬರು ಬಂದು ಮಲಗಿರ್ತಾರೆ. ನೋಡಿ ಹೇಳು. ಆಮೇಲೆ ಕಂಬಳಿ ತೆಗೆಯೋಣ.”

ಸಂಜೆ ಗುರುಗಳು ಕೂರುವ ಮಣೆ ಖಾಲಿಯಿತ್ತು. ನದಿಗೆ ಹೋಗಿರಬೇಕು ಅಂದುಕೊಂಡು ಶಂಭು ಕೈ ತೂರಿಸಿದ.

ಮುದಿ ಚರ್ಮ. ತಣ್ಣಗಿತ್ತು. ಕುತ್ತಿಗೆಯ ಎಡಕ್ಕೆ ಒಂದು ಗಂಟು, ನೆನೆಸಿದ ಅವರೆಕಾಳಿನ ಹಾಗೆ ಬೆರಳಡಿ ಜಾರಿತು. ಬಲಕ್ಕೂ ಇತ್ತು. ಎರಡೂ ಕಂಕುಳಲ್ಲಿ ಇದ್ದವು. ತೊಡೆಸಂದಿಯಲ್ಲೂ ಇದ್ದವು. ಕೈ ಹೋದಲ್ಲೆಲ್ಲ ಮೊದಲೇ ಬಂದು ಕಾಯುತ್ತಿದ್ದವು.

“ಒತ್ತಿದರೆ ನೋವಾಗುತ್ತಾ?”

ಉತ್ತರವಿಲ್ಲ.

“ಮಾತು ಬರಲ್ಲವೇ? ಹೌದಾದರೆ ಮಂಚ ತಟ್ಟಿ. ಇಲ್ಲವಾದರೆ ಸುಮ್ಮನಿರಿ. ನೋವಾಗುತ್ತಾ?”

ಮೌನ.

“ಮೈಮೇಲೆ ಗಾಯ, ಹುಣ್ಣು? ಕೆಮ್ಮು? ಹೊಸದಾಗಿ ಯಾವುದಾದರೂ ಔಷಧಿ?”

ಮೌನ. ಆಚೆ ಉಸಿರಾಟವೂ ಕೇಳಿಸುತ್ತಿಲ್ಲ ಅನ್ನಿಸಿತು.

“ರಾತ್ರಿ ಹಾಸಿಗೆ ನೆನೆಯುವಷ್ಟು ಬೆವರುತ್ತೀರಾ?”

ಟಕ್.

ಶಂಭು ಬೆಚ್ಚಿದ. “ಮೈ ಇಳಿದು ಉಡಿದಾರ ಸಡಿಲವಾಗಿದೆಯೇ?”

ಟಕ್.

ಎಡಪಕ್ಕೆಲುಬಿನ ಕೆಳಗೆ ಒತ್ತಿದ. ಅಲ್ಲಿ ಮೆತ್ತಗಿರಬೇಕಾದ ಹೊಟ್ಟೆ ಗಟ್ಟಿಯಾಗಿತ್ತು. ಅವನಿಗೆ ನಿಜಕ್ಕೂ ಹೆದರಿಕೆಯಾಯಿತು. ಆದರೂ ಮಾತು ತಡವರಿಸಲಿಲ್ಲ.

“ಇದು ಗಾಯದಿಂದ ಬಂದದ್ದಲ್ಲ. ನಿಮ್ಮ ವಯಸ್ಸಿನಲ್ಲಿ ಮೈಯೆಲ್ಲ ಹೀಗೆ ಗಂಟಾದರೆ ಕೆಟ್ಟದ್ದೂ ಇರಬಹುದು. ಒಂದು ಗಂಟು ತೆಗೆದು ಪರೀಕ್ಷೆ ಮಾಡದೆ ಯಾರೂ ರೋಗದ ಹೆಸರು ಹೇಳಲಾರರು. ನಾಳೆಯೇ ಪಟ್ಟಣದ ದೊಡ್ಡಾಸ್ಪತ್ರೆಗೆ ಹೋಗಿ. ನಮ್ಮ ಕಷಾಯ ಕುಡಿಯುತ್ತಾ ಕೂತರೆ ಜೀವಕ್ಕೇ ಅಪಾಯ.”

“ಸರಿಯಾಗಿ ಹೇಳಿದೆ,” ಅಂದಿತು ಕಂಬಳಿಯ ಆಚೆಯ ದನಿ.

ಶಂಭುವಿಗೆ ಆ ದನಿ ಗೊತ್ತಿತ್ತು. ಪರದೆಯನ್ನು ಸರ್ರನೆ ಸರಿಸಿದ.

ಮಂಚದ ಮೇಲೆ ಅಡವಯ್ಯನವರು ಮಲಗಿದ್ದರು. ಕಣ್ಣು ತೆರೆದೇ ಇತ್ತು.

ಶಂಭು ಅವರ ಪಾದ ಹಿಡಿದುಕೊಂಡು ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಅವರ ಕುತ್ತಿಗೆಯನ್ನು ಮತ್ತೆ ಮುಟ್ಟಿದ, ಈ ಸಲ ಬಹಳ ಮೆಲ್ಲಗೆ.

“ನನ್ನ ಕೈ ತಪ್ಪಿತು, ಗುರುಗಳೇ. ಇವು ಅಷ್ಟು ದೊಡ್ಡವೇನಲ್ಲ. ಶೀತಕ್ಕೆ ಬಂದಿರಬೇಕು. ಅಮೃತಬಳ್ಳಿ ಕಷಾಯ ಮಾಡಿ ಕೊಡ್ತೀನಿ. ಮಳೆಗಾಲ ಕಳೆಯಲಿ, ಆಮೇಲೆ ನೋಡೋಣ. ಆಸ್ಪತ್ರೆ ಬೇಡ.”

ಅಡವಯ್ಯನವರು ಅವನ ಮುಖವನ್ನೇ ನೋಡುತ್ತಿದ್ದರು. ಹೊರಗೆ ಕತ್ತಲಾಗುತ್ತಿತ್ತು.

“ಕಂಬಳಿ ಮತ್ತೆ ಅಡ್ಡ ಎಳೆ, ಶಂಭು. ಇನ್ನೊಂದು ಸಲ ಮುಟ್ಟಿ ಹೇಳು.”